ತೌಡಿಗೆ ಕೊಂಡ ಮಗಳು

ಸೂರ್, ಒಮಾನ್
೧೨ ಆಗಸ್ಟ್ ೧೯೯೯

ಅಕ್ಕ,

ಬಂದು ಮುಟ್ಟಿದೆವು. ಮೂವರೂ ಗಟ್ಟಿ ಇದ್ದೇವೆ. ವಿಮಾನದಲ್ಲಿ ಮನೀಷ ಕಿಟಕಿಗೆ ಮೂಗು ಒತ್ತಿಕೊಂಡು ಕೂತವನು, ಕೆಳಗೆ ನೀರು ಕಂಡಾಗಲೆಲ್ಲ "ಗಂಗೊಳ್ಳಿ ಬಂತ್" ಅನ್ನುತ್ತಿದ್ದ. ಅವನನ್ನು ನಂಬಿದ್ದರೆ ದಾರಿಯಲ್ಲಿ ಏಳೆಂಟು ಗಂಗೊಳ್ಳಿ ಆಗುತ್ತಿತ್ತು.

ನೀನು ನಗಬೇಡ. ಸಮುದ್ರ ದಾಟಿ ಬಂದು ನಾವು ಇಳಿದದ್ದೂ ಐಸ್ ಪ್ಲಾಂಟಿನ ಎದುರೇ. ಅಲ್ಲಿ ಇವರು ಮಂಜುಗಡ್ಡೆಯ ಮಿಷನು ನೋಡಿಕೊಳ್ಳುತ್ತಿದ್ದರು, ಇಲ್ಲಿಯೂ ಅದೇ ಮಿಷನು, ಅದೇ ವಾಸನೆ. ನಮ್ಮ ಕೋಣೆ ಅದರ ಮಾಳಿಗೆಯಲ್ಲಿ. ಕೆಳಗೆ ಗಡ್ಡೆ ಗಟ್ಟಿಯಾಗುತ್ತದೆ, ಮೇಲೆ ನಾವು ಬೇಯುತ್ತೇವೆ. ಇನ್ನೊಂದು ಸೋಜಿಗ ಕೇಳು. ಇಲ್ಲಿ ನಮ್ಮ ಬೈಗೆ ಮೀನನ್ನೇ ಮರಳಿನ ಮೇಲೆ ಒಣಗಿಸಿ ಒಂಟೆಗೆ ಹಾಕುತ್ತಾರೆ! "ಅಮ್ಮಾ, ಒಂಟಿ ಅನ್ನ ಇಲ್ದೆ ಬರೀ ಮೀನ್ ತಿಂತ್ತ್ ಕಾಣ್" ಎಂದು ಮನೀಷ ಬಾಯಿ ಮುಚ್ಚಲೇ ಇಲ್ಲ.

ನಿನ್ನ ಮಗಳು ಹೇಗಿದ್ದಾಳೆ? ಹೀಗೆ ಬರೆಯುವಾಗ ನಗು ಬರುತ್ತದೆ, ಹಿಂದೆಯೇ ಅಳುವೂ ಬರುತ್ತದೆ. ಮರಳಿ ಕೊಳ್ಳುವ ತನಕ ಹೆತ್ತವಳು "ನನ್ನ ಮಗಳು" ಅನ್ನಬಾರದು ಎಂದು ಸೀತು ಅತ್ತೆ ಹೇಳಿದ್ದಾರಲ್ಲ. ಮನೀಷನ ನಂತರದ ಮಗು ತೊಟ್ಟಿಲಲ್ಲೇ ಹೋಯಿತು. ಅದರ ನಂತರ ಹುಟ್ಟಿದ ನವ್ಯಳಿಗೂ ಜ್ವರ ಬಂದಾಗಲೆಲ್ಲ ಫಿಟ್ಸ್ ಬಂದು ಕಣ್ಣು ಮೇಲಾಗುತ್ತಿತ್ತು. ಅಷ್ಟು ಕಂಡವಳಿಗೆ ಅತ್ತೆ ಏನು ಹೇಳಿದ್ದರೂ ನಾನು ಮಾಡುತ್ತಿದ್ದೆ. ಹೊಸ್ತಿಲ ಒಳಗೆ ನೀನು, ಹೊರಗೆ ನಾನು. ನೀನು ಅಕ್ಕಿ ಕೇರುವ ಗೆರಸಿ ತುಂಬ ತೌಡನ್ನು ನನ್ನ ಮಡಿಲಿಗೆ ಸುರಿದು ಅವಳನ್ನು ಎತ್ತಿಕೊಂಡೆ. "ಇದ್ ನನ್ ಹೆಣ್ಣ್, ನಿನ್ನದ್ದಲ್ಲ" ಅಂದೆ. ಸಾವಿಗೆ ಮನೆ ಗುರುತು ತಪ್ಪಲಿ ಎಂದು ಹಿರಿಯರು ಕಟ್ಟಿದ ಆಟ ಎಂದು ಗೊತ್ತಿದ್ದರೂ ಮಡಿಲಿನ ತೌಡನ್ನು ಗಟ್ಟಿಯಾಗಿ ಅವುಚಿಕೊಂಡಿದ್ದೆ.

ಫಿಟ್ಸ್ ನಿಲ್ಲಲಿ, ಆಮೇಲೆ ಕರೆದುಕೊಂಡು ಹೋಗಿ ಎಂದು ಡಾಕ್ಟರರೂ ಅಂದರು. ಮುಂದಿನ ರಜೆಗೆ ತೌಡು ಹೊತ್ತುಕೊಂಡು ಬರುತ್ತೇನೆ. ಅಲ್ಲಿಯ ತನಕ ಅವಳಿಗೆ ನನ್ನ ಫೋಟೋ ತೋರಿಸುತ್ತಾ ಇರು.

ನಿನ್ನ ತಂಗಿ,
ಶ್ರೀಲತಾ


ಗಂಗೊಳ್ಳಿ
೩ ಅಕ್ಟೋಬರ್ ೧೯೯೯

ಲತಾ,

ನಿನ್ನ ಕಾಗದ ಓದಿ ನಿನ್ನ ಭಾವ ಒಂಟೆಯ ಸುದ್ದಿಯನ್ನು ಬಂದರು ಪೂರ್ತಿ ಹಂಚಿ ಬಂದರು. ಈ ಸಲ ಬೈಗೆಗೆ ರೇಟಿಲ್ಲ, ಒಂಟೆಗಳನ್ನು ಇತ್ತ ಕಳಿಸು ಅಂತ ಎಲ್ಲರೂ ಹೇಳುತ್ತಿದ್ದಾರೆ.

ಫೋನು ಮಾಡಬೇಡ. ಗಣಪನ ಅಂಗಡಿಗೆ ಫೋನು ಬಂದರೆ ಬೀದಿಯಿಡೀ ಕಿವಿ ನಿಮಿರಿಸಿ ನಿಲ್ಲುತ್ತದೆ. ನಾನು ಏಳನೇ ಕ್ಲಾಸಿನ ತನಕ ಕಲಿತದ್ದು ಸುಮ್ಮನೆ ಅಲ್ಲ, ನನ್ನ ಅಕ್ಷರ ನಿನ್ನ ಅಕ್ಷರಕ್ಕಿಂತ ಚೆಂದ ಇದೆ. ಕಾಗದವನ್ನೇ ಬರಿ.

ಹುಡುಗಿ ಚೆನ್ನಾಗಿದ್ದಾಳೆ. ನೀವು ಹೋದ ಮೇಲೆ ಒಂದು ಸಲ ಜ್ವರ ಬಂತು, ಫಿಟ್ಸ್ ಬರಲಿಲ್ಲ. ಮೊದಲು ಸ್ವಲ್ಪ ದಿನ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಈಗ ಇಲ್ಲ. ನಿನ್ನ ಭಾವ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ದಿನಾ ಬೋಟು ತೋರಿಸಲು ಹೋಗುತ್ತಾರೆ. ಬೋಟು ನಡೆಸುವ ತಂಡೇಲನ ಹೆಗಲೆಂದರೆ ಅವಳಿಗೆ ಸಿಂಹಾಸನ. ಮದುವೆಯಾಗಿ ಇಷ್ಟು ವರ್ಷ ಬಂದರಿನಿಂದ ಹೊತ್ತಾಗಿ ಬರುತ್ತಿದ್ದ ಮನುಷ್ಯ ಈಗ ಬಲೆ ಒಣಗುವ ಮೊದಲೇ ಮನೆಗೆ ಬಂದು ಕೂರುತ್ತಾರೆ.

ನೀನು ಕಾಗದದಲ್ಲಿ "ನಿನ್ನ ಮಗಳು" ಅಂದದ್ದು ಓದಿ ನಾನು ಗಟ್ಟಿಯಾಗಿ ನಕ್ಕೆ. ಆದರೆ ಶಾಸ್ತ್ರ ಶಾಸ್ತ್ರವೇ. ಹಾಗೇ ಬರಿ. ಬಂಜೆಯ ಕೈಗೆ ಮಗು ಕೊಟ್ಟು ಹೋದೆ, ಇವಳು ಇನ್ನು ಬಿಡುತ್ತಾಳೋ ಇಲ್ಲವೋ ಎಂದು ನಿನ್ನ ಮನಸ್ಸಿನಲ್ಲಿ ಇದ್ದರೆ ತೆಗೆದುಬಿಡು. ನಿನ್ನ ಮಗುವನ್ನು ನಾನು ಕಾಯುತ್ತಿದ್ದೇನೆ, ಅಷ್ಟೇ.

ಬಾಗಿ


ಸೂರ್
೨೦ ಆಗಸ್ಟ್ ೨೦೦೧

ಅಕ್ಕ,

ರಜೆ ಮುಗಿಸಿ ಮಸ್ಕತ್ತಿನಲ್ಲಿ ಇಳಿದಾಗ ಒಂದು ದೊಡ್ಡ ಫಜೀತಿ ಆಯಿತು. ಕಸ್ಟಮ್ಸಿನವನು ನನ್ನ ಚೀಲದಿಂದ ಕಾಯಿ ತುರಿಯುವ ಮಣೆ ಎತ್ತಿ ಹಿಡಿದು, ಇದು ಯಾವ ಆಯುಧ ಎಂದು ಕೇಳಿದ. ಇವರು ತಮಗೆ ಬರುವ ಅರಬ್ಬಿ ಅಷ್ಟನ್ನೂ ಖರ್ಚು ಮಾಡಿದರು, ಅವನ ತಲೆಗೆ ಹೋಗಲಿಲ್ಲ. ಕಡೆಗೆ ಮನೀಷ ಮಣೆಯನ್ನು ನೆಲದ ಮೇಲೆ ಇಟ್ಟು, ಅದರ ಮೇಲೆ ಕೂತು, ಇಲ್ಲದ ಕಾಯಿಯನ್ನು ತುರಿದು ತೋರಿಸಿದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ, ನಗುತ್ತಿದ್ದ ಹಾಗೇ ಕಣ್ಣೀರು ಬಂತು. ನಗುವಿಗೆ ಬಂದ ನೀರು ಎಂದು ಇವರು ತಿಳಿದರು.

ಅವಳನ್ನು ಕರೆತರುತ್ತೇನೆ ಎಂದು ಹೋದವಳು ಮಣೆ ಹೊತ್ತುಕೊಂಡು ಬಂದೆ ಅಕ್ಕ. ತೌಡು ಅಳೆದು ಇಟ್ಟ ದಿನವೇ ಅವಳಿಗೆ ಜ್ವರ ಏರಿ ಫಿಟ್ಸ್ ಬರಬೇಕೆ? "ದಿನ ಕೂಡಿ ಬರ್ಲಿಲ್ಲೆ, ಹೆಣ್ಣಿಗ್ ಐದ್ ವರ್ಷ ಕಳಿಲಿ" ಎಂದು ಸೀತು ಅತ್ತೆ ಹೇಳಿದಾಗ ನನಗೆ ಎದುರು ಹೇಳುವ ಧೈರ್ಯ ಬರಲಿಲ್ಲ. ಇನ್ನೆರಡು ವರ್ಷ.

ಬಸ್ಸು ಹೊರಟಾಗ ಅವಳು ನಿನ್ನ ಸೊಂಟದಲ್ಲಿ ಕೂತು ನಗುನಗುತ್ತಾ ನನಗೆ ಟಾಟಾ ಮಾಡಿದಳು. ಅಳಲಿಲ್ಲ. ನಾನು ಅವಳಿಗೆ ಖರ್ಜೂರ ತಂದ ಹೆಂಗಸು, ಅಷ್ಟೇ. ಅವಳು ನಿನ್ನನ್ನು ಹೆತ್ತ ತಾಯಿಯನ್ನು ಕರೆಯುವ ಹಾಗೆ ಅಬ್ಬಿ ಎಂದು ಕರೆಯುತ್ತಾಳೆ ಎಂಬುದನ್ನು ನೀನು ಕಾಗದದಲ್ಲಿ ಮೊದಲೇ ಬರೆಯಬೇಕಿತ್ತು. ಅಂಗಳದಲ್ಲಿ ಕಾಲಿಡುತ್ತಿದ್ದಂತೆ "ಅಬ್ಬೀ" ಎಂದು ಕೂಗಿದ್ದನ್ನು ಕೇಳಿ ನಾನು ನನ್ನನ್ನೇ ಕರೆದಳು ಎಂದು ಕೈ ಚಾಚಿಬಿಟ್ಟೆ. ಅವಳು ನನ್ನ ಪಕ್ಕದಿಂದ ಓಡಿಹೋಗಿ ನಿನ್ನನ್ನು ತಬ್ಬಿದಳು. ನೀನು ಆಚೆ ನೋಡಿದೆ.

ಶ್ರೀಲತಾ


ಗಂಗೊಳ್ಳಿ
೯ ನವೆಂಬರ್ ೨೦೦೧

ಲತಾ,

ಬರೆಯಲಿಲ್ಲ, ಹೌದು. ಏನೆಂದು ಬರೆಯಲಿ? ದೊಡ್ಡಮ್ಮ ಅನ್ನು ಎಂದು ನೂರು ಸಲ ಹೇಳಿಕೊಟ್ಟೆ. ತಲೆ ಅಲ್ಲಾಡಿಸುತ್ತಾಳೆ, ಅಂಗಳ ದಾಟಿದವಳೇ "ಹ್ವಾಯ್ ಅಬ್ಬೀ" ಎಂದು ಕೂಗುತ್ತಾಳೆ. ಬೇಡ ಅನ್ನಬೇಕು ಎಂದು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಓಗೊಟ್ಟಾಗಿರುತ್ತದೆ.

ನನಗೆ ಆಸೆಯೇ ಇಲ್ಲ ಅಂದರೆ ಸುಳ್ಳು. ಆದರೆ ಆಸೆಗೆ ಎಷ್ಟು ಜಾಗ ಕೊಡಬೇಕು ಎಂಬುದು ನನಗೆ ಗೊತ್ತಿದೆ. ನಿನ್ನ ಭಾವನಿಗೂ ಹೇಳಿಟ್ಟಿದ್ದೇನೆ, ಪರರ ದೋಣಿ ಇದು, ದಡ ಮುಟ್ಟಿಸುವುದಷ್ಟೇ ನಮ್ಮ ಕೆಲಸ ಎಂದು. ಅವರು ಎದ್ದು ಬಂದರಿಗೆ ಹೋದರು.

ಈಗ ದಿನಾ ತಲೆ ಬಾಚುವಾಗ ಅವಳಿಗೆ ಒಂದೇ ಪಾಠ. ನಿನ್ನ ಅಮ್ಮ ಸೂರ್‌ನಲ್ಲಿದ್ದಾಳೆ, ನೀನು ಅಲ್ಲಿಗೆ ಹೋಗುವವಳು, ಅಲ್ಲಿ ಅಣ್ಣ ಇದ್ದಾನೆ, ಒಂಟೆ ಇದೆ. "ಒಂಟಿ ಕಚ್ಚುತ್ತಾ?" ಎಂದು ಕೇಳುತ್ತಾಳೆ. ಕಚ್ಚುವುದಿಲ್ಲ ಅಂದಿದ್ದೇನೆ. ಕಚ್ಚುತ್ತದಾ?

ನೀನು ಕೈ ಚಾಚಿದ್ದು ನಾನು ಕಂಡೆ. ಅದಕ್ಕೇ ಆಚೆ ನೋಡಿದ್ದು.

ಬಾಗಿ


ಸೂರ್
೧೬ ಮಾರ್ಚ್ ೨೦೦೩

ಅಕ್ಕ,

ವೀಸಾ ಆಯಿತು! ಇವರ ಮ್ಯಾನೇಜರ್ ತಾನೇ ಕರೆದು ಕೈಗೆ ಕೊಟ್ಟರಂತೆ. ಇವರು ಮೆಟ್ಟಿಲ ಕೆಳಗಿನಿಂದಲೇ ಬೊಬ್ಬೆ ಹಾಕುತ್ತಾ ಬಂದರು, ಮಾಳಿಗೆಗೆ ಬೆಂಕಿ ಬಿತ್ತು ಎಂದು ತಿಳಿದು ಪಕ್ಕದ ಮಲಯಾಳಿ ಹೆಂಗಸು ಬಕೆಟು ಹಿಡಿದು ಓಡಿಬಂದಳು.

ಮಂಚ ತಂದಾಗಿದೆ. ಸಣ್ಣ ಮಂಚ, ಕಿಟಕಿಯ ಪಕ್ಕ ಹಾಕಿದ್ದೇವೆ, ಅಲ್ಲಿಂದ ಬಂದರು ಕಾಣುತ್ತದೆ. ಬೋಟು ನೋಡದೆ ಅವಳು ಇರಲಾರಳು ಎಂದು ನೀನು ಬರೆದಿದ್ದೆಯಲ್ಲ. ಮನೀಷ ಅದರ ಮೇಲಿನ ಗೋಡೆಗೆ ನೀಲಿ ಬಣ್ಣ ಬಳಿದು, ಅದರಲ್ಲಿ ಮೀನು ಬರೆದು, ಮೀನಿಗೆ ಒಂಟೆಯ ಕಾಲು ಇಟ್ಟಿದ್ದಾನೆ. ತಂಗಿಗೆ ನಗು ಬರಲಿ ಎಂದಂತೆ. ಶಾಲೆಗೂ ಹೇಳಿಟ್ಟಿದ್ದೇವೆ.

ಮೇ ತಿಂಗಳ ಮೊದಲ ವಾರದಲ್ಲಿ ಹೊರಡುತ್ತೇವೆ. ಅವಳಿಗೆ ಐದು ವರ್ಷ ಕಳೆಯಿತು, ಇನ್ನು ಸೀತು ಅತ್ತೆಯ ಮಾತಿಗೂ ಅಡ್ಡಿಯಿಲ್ಲ. ತೌಡನ್ನು ನಾನೇ ಅಳೆಯುತ್ತೇನೆ, ನೀನು ಮುಟ್ಟಬೇಡ. ನಿನ್ನ ಋಣ ತೀರಿಸುವಷ್ಟು ತೌಡು ಯಾವ ಮಿಲ್ಲಿನಲ್ಲೂ ಸಿಗುವುದಿಲ್ಲ, ಅದು ಬೇರೆ ಮಾತು. ಭಾವನಿಗೆ ಬೇಜಾರಾಗುತ್ತದೆ ಎಂದು ಗೊತ್ತು. ಪ್ರತಿ ರಜೆಗೂ ಅವಳನ್ನು ಅವರ ಹೆಗಲ ಮೇಲೆ ಕೂರಿಸುತ್ತೇನೆ ಎಂದು ಹೇಳು.

ಶ್ರೀಲತಾ


ಸೂರ್
೮ ಜುಲೈ ೨೦೦೩

ಅಕ್ಕ,

ಭಾವನ ಬೊಜ್ಜ, ತಿಥಿಯೂಟ ಎಲ್ಲ ಮುಗಿಸಿ ಬಂದು ಇಷ್ಟು ದಿನವಾದರೂ ನನಗೆ ಬರೆಯಲು ಕೈ ಬಂದಿರಲಿಲ್ಲ. ಕಣ್ಣು ಮುಚ್ಚಿದರೆ ಅಳಿವೆಯ ಬಾಗಿಲಲ್ಲಿ ಮಗುಚಿದ ಆ ಬೋಟೇ ಕಾಣುತ್ತದೆ. ಅಷ್ಟು ವರ್ಷ ಅದೇ ನೀರಿನಲ್ಲಿ ಬೋಟು ನಡೆಸಿದವರು, ದಡ ಕಾಣುವ ಜಾಗದಲ್ಲಿ ಹೋದರಲ್ಲ. ನಾವು ಊರಿಗೆ ಬಂದ ಎರಡನೇ ದಿನವೇ ಹೀಗಾಗಬೇಕೆ?

ನವ್ಯಳ ವಿಷಯ. ಅಲ್ಲಿ ಮಾತಾಡಲು ಆಗಲಿಲ್ಲ. ಕಂಪೆನಿಯವರು ವೀಸಾದ ವಿಷಯದಲ್ಲಿ ಈಗ ಬೇರೆ ಮಾತು ಹೇಳುತ್ತಿದ್ದಾರೆ. ಕೋಣೆಯೂ ಸಣ್ಣದು, ನಾಲ್ಕು ಜನರಿಗೆ ಆಗುವುದಿಲ್ಲ. ಅವಳು ಸದ್ಯ ನಿನ್ನ ಹತ್ತಿರವೇ ಇರಲಿ. ಮುಂದೆ ನೋಡುವ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಶ್ರೀಲತಾ


ಗಂಗೊಳ್ಳಿ
೨೩ ನವೆಂಬರ್ ೨೦೦೩

ಲತಾ,

ಊಟ ಮಾಡುತ್ತಿದ್ದೇನೆ. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಹೊತ್ತಿದ್ದೇನೆ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು ಬಸ್ಸಿನಲ್ಲಿ ವಂಡ್ಸೆಗೆ ಮಾರಲು ಹೋಗುತ್ತೇನೆ. ಅಲ್ಲಿಯ ಜನ ಒಳ್ಳೆಯವರು, ಚೌಕಾಸಿ ಮಾಡಿದರೂ ನೀರು ಕೊಟ್ಟು ಕಳಿಸುತ್ತಾರೆ. ತಂಡೇಲನ ಹೆಂಡತಿ ಬುಟ್ಟಿ ಹೊರುವುದೇ ಎಂದು ಕೆಲವರು ಅಂದರು. ತಂಡೇಲನೇ ಇಲ್ಲವಲ್ಲ, ಹೆಂಡತಿಗೆ ಇನ್ನೆಂಥ ದೌಲತ್ತು.

ಕೋಣೆ ಸಣ್ಣದು ಎಂದು ಬರೆದಿದ್ದೀ. ಮಾರ್ಚಿನಲ್ಲಿ ಮಂಚ ಹಾಕಿದಾಗ ಅದೇ ಕೋಣೆ ದೊಡ್ಡದಿತ್ತು. ನಾನು ದಡ್ಡಿ ಅಲ್ಲ. ಅಂಗಳದಲ್ಲಿ ಅಷ್ಟು ಜನ ಸೇರಿದ ಆ ದಿನ ಅವಳಿಗೆ ಮತ್ತೆ ಫಿಟ್ಸ್ ಬಂದದ್ದನ್ನು ನೀನೂ ನಿನ್ನ ಗಂಡ ರತನನೂ ಕಂಡಿರಿ. ಪರದೇಶದಲ್ಲಿ ಅಂಥ ಮಗುವನ್ನು ಸಾಕುವುದು ಕಷ್ಟ, ಗಂಡು ಮಗ ಒಬ್ಬ ಇದ್ದಾನೆ, ಸಾಕು ಎಂದು ನಿಮಗೆ ಅನ್ನಿಸಿರಬಹುದು. ನಾನು ಬೈಯುವುದಿಲ್ಲ. ಆದರೆ ನೇರ ಹೇಳಬಹುದಿತ್ತು.

ಅವಳು ಹೊಸ ಫ್ರಾಕು ಹಾಕಿಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದಳು, ನೆನಪಿದೆಯಾ? ನೀವು ಹೋದ ಮೇಲೂ ಫ್ರಾಕು ಬಿಚ್ಚಲು ಬಿಡಲಿಲ್ಲ. "ಅಮ್ಮ ನನ್ನ ಮರ್ತ್ ಹೋಯ್ತಾ?" ಎಂದು ಕೇಳಿದಳು. ವೀಸಾ ಸಿಗಲಿಲ್ಲ ಅಂದೆ. ವೀಸಾ ಎಂದರೆ ಏನು ಎಂದು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ.

ಈಗಲೂ ತಲೆ ಬಾಚುವಾಗ ಅದೇ ಪಾಠ ಹೇಳುತ್ತೇನೆ. ನೀನು ಹೋಗುವವಳು, ನಿನ್ನ ಮನೆ ಅಲ್ಲಿ. ಮೊದಲು ಒಂಟೆಯ ಬಗ್ಗೆ ಕೇಳುತ್ತಿದ್ದಳು. ಈಗ ಏನೂ ಕೇಳುವುದಿಲ್ಲ.

ಬಾಗಿ


ಸೂರ್
೧೪ ಫೆಬ್ರವರಿ ೨೦೦೫

ಅಕ್ಕ,

ಗಂಗೊಳ್ಳಿಗೆ ಬರುವ, ಇವರ ಜೊತೆ ಪ್ಲಾಂಟಿನಲ್ಲಿರುವ ಪ್ರೇಮಾನಂದರ ಕೈಯಲ್ಲಿ ಒಂದು ಪೊಟ್ಟಣ ಕಳಿಸಿದ್ದೇನೆ. ನವ್ಯಳಿಗೆ ಶೂ ಇದೆ, ಬಣ್ಣದ ಪೆನ್ಸಿಲು ಇದೆ. ಮನೀಷನಿಗೆ ಅವಳ ವಯಸ್ಸಿನಲ್ಲಿ ಆಗುತ್ತಿದ್ದ ಅಳತೆ ಹಿಡಿದು ತೆಗೆದುಕೊಂಡೆ.

ನಾನು ಪ್ಲಾಂಟಿನ ಹುಡುಗರಿಗೆ ಊಟದ ಡಬ್ಬಿ ಮಾಡುತ್ತಿದ್ದೇನೆ. ಬಂಗಾಳಿಯವರು ನನ್ನ ಬಂಗುಡೆ ಸಾರಿಗೆ ಸಕ್ಕರೆ ಬೇಕು ಎನ್ನುತ್ತಾರೆ, ಮಲಯಾಳಿಗಳು ಹುಳಿ ಸಾಲದು ಎನ್ನುತ್ತಾರೆ. ಎಲ್ಲರಿಗೂ ಅವರವರ ತಾಯಿಯ ಸಾರೇ ಬೇಕು. ಈ ವರ್ಷದ ರಜೆಗೆ ಇವರಿಗೆ ಬಿಡುವಿಲ್ಲ.

ಅವಳ ಬಗ್ಗೆ ನೀನು ಬರೆದದ್ದಕ್ಕೆ ನಾನು ಉತ್ತರ ಬರೆಯಲಿಲ್ಲ ಎಂದು ಕೋಪ ಮಾಡಬೇಡ. ಎಲ್ಲವನ್ನೂ ಬರೆಯಲು ಆಗುವುದಿಲ್ಲ.

ಶ್ರೀಲತಾ


ಗಂಗೊಳ್ಳಿ
೨ ಸೆಪ್ಟೆಂಬರ್ ೨೦೦೬

ಲತಾ,

ಹೋದ ವರ್ಷ ನೀನು ಕಳಿಸಿದ ಶೂ ಅವಳ ಕಾಲಿಗೆ ಆಗಲೇ ಇಲ್ಲ. ಹೇಳಬಾರದು ಎಂದಿದ್ದೆ. ಬೇರೆ ಮಕ್ಕಳ ಅಳತೆ ಹಿಡಿದು ಶೂ ತಂದರೆ ಆಗುತ್ತದೆಯೇ? ಅವಳು ಒಂದು ಮಾತೂ ಆಡದೆ ಅದನ್ನು ಪಕ್ಕದ ಮನೆಯ ಚೇತನಾಳಿಗೆ ಕೊಟ್ಟು ಬಂದಳು.

ಮೊನ್ನೆ ನನಗೆ ಮೈ ಹುಷಾರಿರಲಿಲ್ಲ. ಎದ್ದು ನೋಡುತ್ತೇನೆ, ಸಿಂಬಿ ಸುತ್ತಿ ನನ್ನ ಖಾಲಿ ಬುಟ್ಟಿಯನ್ನು ತಲೆಗೆ ಇಟ್ಟುಕೊಂಡು ಅಂಗಳದಲ್ಲಿ ನಡೆಯುತ್ತಿದ್ದಾಳೆ. "ಬಾಗಿ ಹೆಣ್ಣ್ ಬಾಗಿಯಂಗೇ ನಡೀತ್ತ್" ಎಂದು ಬೇಲಿಯಾಚೆ ನಗುತ್ತಿದ್ದರು. ನಾನು ಓಡಿಹೋಗಿ ಬುಟ್ಟಿ ಕಿತ್ತು ಬಿಸಾಡಿದೆ, ಅವಳ ಬೆನ್ನಿಗೆ ಎರಡು ಬಿಟ್ಟೆ. ಮೊದಲ ಸಲ ಹೊಡೆದದ್ದು. ಹೊಡೆದ ಮೇಲೆ ನಾನೇ ಅತ್ತೆ. ಅವಳು ಅಳಲಿಲ್ಲ.

ಅಪ್ಪ ಅಮ್ಮ ಅಣ್ಣ ಇರುವ ಹುಡುಗಿ ಯಾರೂ ಇಲ್ಲದವಳ ಮನೆಯಲ್ಲಿ ಮೀನು ಬುಟ್ಟಿ ಹೊರಲು ಕಲಿಯುತ್ತಿದ್ದಾಳೆ. ದೊಡ್ಡವಳಾಗುವ ಮೊದಲು ಮರಳಿ ಕೊಳ್ಳದಿದ್ದರೆ ಹುಡುಗಿಯ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ಸೀತು ಅತ್ತೆ ಹಾಸಿಗೆ ಹಿಡಿದಲ್ಲಿಂದಲೂ ಹೇಳುತ್ತಿದ್ದಾರೆ. ನಿನಗೆ ಅದೂ ಬೇಡವಾಯಿತಾ? ನಾನು ಮಕ್ಕಳಿಲ್ಲದವಳು, ನನಗೆ ತಿಳಿಯುವುದಿಲ್ಲ. ಹೆತ್ತವಳಿಗೆ ಹೆತ್ತದ್ದು ಹೀಗೂ ಬೇಡವಾಗುತ್ತದಾ?

ಬಾಗಿ


ಸೂರ್
೨೧ ಸೆಪ್ಟೆಂಬರ್ ೨೦೦೬

ಅಕ್ಕ,

ಬೇಡವಾಗುತ್ತದಾ ಎಂದು ಕೇಳಿದೆ. ಮೂರು ವರ್ಷ ಬಾಯಿ ಕಟ್ಟಿಕೊಂಡಿದ್ದೆ. ಈಗ ಕೇಳು.

ಭಾವನ ಬೊಜ್ಜದ ಮಾರನೇ ದಿನ ನಾನು ತೌಡು ತರಲು ಹೊರಟಿದ್ದೆ. ಆಗ ನೀನು ಜಗಲಿಯಲ್ಲಿ ಅವಳನ್ನು ಕಾಲ ನಡುವೆ ಕೂರಿಸಿಕೊಂಡು ತಲೆ ಬಾಚುತ್ತಿದ್ದೆ. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಇವರು ನನ್ನ ಕೈ ಹಿಡಿದು ನಿಲ್ಲಿಸಿದರು. "ಗಂಡನ್ನ ಸಮುದ್ರ ತಕಂಡ್ ಹೋಯ್ತ್, ಹೆಣ್ಣನ್ನ ನಾವ್ ತಕಂಡ್ ಹೋಪುದಾ?" ಅಂದರು. ನಾನು ಅಲ್ಲೇ ಚೀಲ ಕೆಳಗಿಟ್ಟೆ. ನಿನ್ನ ಮನೆಯಿಂದ ಒಂದೇ ತಿಂಗಳಲ್ಲಿ ಎರಡು ಜೀವ ಹೊರಗೆ ಹೋದರೆ ನೀನು ಬದುಕುವುದಿಲ್ಲ ಎಂದು ಅನ್ನಿಸಿತು. ವೀಸಾ ಇತ್ತು, ಮಂಚವೂ ಇತ್ತು. ಸುಳ್ಳು ಬರೆದೆ. ನಿನಗಾಗಿ ಬಿಟ್ಟು ಬಂದೆ ಎಂದು ಬರೆದರೆ ನೀನು ಮರುದಿನವೇ ಅವಳನ್ನು ಕಳಿಸುವವಳು, ಅದಕ್ಕೇ ಬರೆಯಲಿಲ್ಲ.

ಆ ಮಂಚ ಈಗಲೂ ಇದೆ. ಮನೀಷ ಅದರ ಮೇಲೆ ಕ್ರಿಕೆಟ್ ಬ್ಯಾಟು ಇಟ್ಟರೆ ನಾನು ಬೈದು ತೆಗೆಸುತ್ತೇನೆ. ಇಲ್ಲಿ ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಇಬ್ಬರು ಎನ್ನುತ್ತೇನೆ, ಎಲ್ಲಿ ಎಂದರೆ ಮಾತು ತಪ್ಪಿಸುತ್ತೇನೆ. ಎಂದಾದರೂ ಗಣಪನ ಅಂಗಡಿಗೆ ಫೋನು ಮಾಡಿದರೆ ಅವಳು "ಹ್ಞೂ", "ಇಲ್ಲೆ" ಬಿಟ್ಟು ಬೇರೆ ಮಾತಾಡುವುದಿಲ್ಲ. ಅದಾದ ಮೇಲೆ ನಾನು ಆ ದಿನ ಡಬ್ಬಿಗೆ ಉಪ್ಪು ಎರಡು ಸಲ ಹಾಕುತ್ತೇನೆ.

ನನಗೆ ಬೇಡವಾಗಿದ್ದಾಳೆ ಎಂದು ನೀನು ನಂಬಿದೆಯಲ್ಲ ಅಕ್ಕ. ಅವಳಿಗೂ ಹಾಗೇ ಹೇಳಿದೆಯಾ?

ಶ್ರೀಲತಾ


ಗಂಗೊಳ್ಳಿ
೧೫ ಅಕ್ಟೋಬರ್ ೨೦೦೬

ಲತಾ,

ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವಳು ನನ್ನ ಮುಖ ಓದುವವಳು, ಕಾಗದ ಬಂದ ದಿನ ನನ್ನ ಮುಖ ಹೇಗಿರುತ್ತಿತ್ತೋ ಏನೋ.

ನಿನ್ನ ಕಾಗದ ಓದಿ ಅವಳನ್ನು ಹತ್ತಿರ ಕೂರಿಸಿಕೊಂಡು ಹೇಳಿದೆ, ನಿನ್ನ ಅಮ್ಮನಿಗೆ ನೀನು ಬೇಕಿತ್ತು, ನನಗಾಗಿ ಬಿಟ್ಟದ್ದು ಎಂದು. ಅವಳು ಏನು ಹೇಳಿದಳು ಗೊತ್ತಾ? "ಅವ್ರ್ ನನ್ನ ನಿಂಗೆ ಬಿಟ್ರ್. ನೀ ದಿನಾ ತಲಿ ಬಾಚುವತಿಗೆ ಹೋಪವ್ಳ್ ಹೋಪವ್ಳ್ ಅಂದ್ಕಂಡ್ ಅವ್ರಿಗ್ ಬಿಟ್ಟೆ. ಯಾರಾರೂ ನನ್ನ ಹಿಡ್ಕಂಡ್ರಾ?" ಒಂಬತ್ತು ತುಂಬದ ಹುಡುಗಿಯ ಮಾತಾ ಇದು? ಅವಳಿಗೆ ನೋವಾಗದಿರಲಿ, ನನಗೆ ಅಂಟಿಕೊಳ್ಳದಿರಲಿ ಎಂದೇ ನಾನು ಆ ಪಾಠ ಹೇಳುತ್ತಿದ್ದದ್ದು. ಅವಳು ಅದನ್ನು ಹೊರಡು ಎಂದು ಕೇಳಿಸಿಕೊಂಡಿದ್ದಾಳೆ.

ನೀನು ನನ್ನನ್ನು ಕನಿಕರಿಸಿದೆ, ನಾನು ನಿನ್ನನ್ನು ಬೈದೆ. ಇಬ್ಬರೂ ಸೇರಿ ಮಗುವನ್ನು ಹೊಸ್ತಿಲ ಮೇಲೆ ನಿಲ್ಲಿಸಿಬಿಟ್ಟೆವು. ಸಾಕು. ಮೇ ತಿಂಗಳಿಗೆ ಬಾ. ತೌಡು ತಾ. ನನ್ನ ಮುಖ ನೋಡಬೇಡ, ಅಳುತ್ತಿದ್ದರೂ ನೋಡಬೇಡ. ಹುಡುಗಿಗೆ ಅಪ್ಪ ಅಮ್ಮನ ಮನೆ ಸಿಗಲಿ, ಈ ಬುಟ್ಟಿಯಿಂದ ಅವಳು ದೂರ ಹೋಗಲಿ.

ಬಾಗಿ


ಸೂರ್
೧೮ ಅಕ್ಟೋಬರ್ ೨೦೦೭

ಅಕ್ಕ,

ಮೇ ತಿಂಗಳಲ್ಲಿ ಅವಳನ್ನು ಇಲ್ಲಿಗೆ ಕರೆತಂದ ಮೇಲೆ ಇಷ್ಟು ತಿಂಗಳು "ಚೆನ್ನಾಗಿದ್ದಾಳೆ, ಶಾಲೆಗೆ ಹೋಗುತ್ತಾಳೆ" ಎಂದು ಎರಡೆರಡು ಸಾಲು ಬರೆದೆ. ಅದು ಸುಳ್ಳಲ್ಲ. ಶಾಲೆಗೆ ಹೋಗುತ್ತಾಳೆ. ಹೇಳಿದ ಕೆಲಸ ಮಾಡುತ್ತಾಳೆ. ಒಂಟೆ ತೋರಿಸಲು ಇವರು ಕರೆದುಕೊಂಡು ಹೋದರು, ನೋಡಿ ಬಂದಳು. ಗೋಡೆಯ ಮೀನು ನೋಡಿ ನಗಲಿಲ್ಲ. ಮನೀಷ ತಾನು ಬರೆದದ್ದು ಎಂದು ಹೇಳಿದಾಗ "ಚೆಂದ ಇತ್ತ್" ಅಂದಳು, ಬಂದ ನೆಂಟರು ಹೇಳುವ ಹಾಗೆ.

ನನ್ನನ್ನು ಏನೆಂದೂ ಕರೆಯುವುದಿಲ್ಲ ಅಕ್ಕ. ಬೇಕಾದರೆ ಹತ್ತಿರ ಬಂದು ನಿಲ್ಲುತ್ತಾಳೆ, ನಾನು ತಿರುಗುವ ತನಕ ಕಾಯುತ್ತಾಳೆ. ಮಾತಾಡಿದರೆ "ನೀವು" ಅನ್ನುತ್ತಾಳೆ. ತಲೆ ತಾನೇ ಬಾಚಿಕೊಳ್ಳುತ್ತಾಳೆ.

ಆ ದಿನ ನಿನ್ನ ಹೊಸ್ತಿಲಲ್ಲಿ ನಾನು ತೌಡು ಸುರಿಯುವಾಗ ಅವಳು "ಅಬ್ಬೀ, ತಕಂಬುಕಾಗ" ಅಂದಳು, ತೌಡು ತೆಗೆದುಕೊಳ್ಳಬೇಡ ಎಂದು. ಮೆಲ್ಲಗೆ ಅಂದದ್ದು. ನೀನೂ ಕೇಳಿದೆ, ನಾನೂ ಕೇಳಿದೆ. ನೀನು ಗೆರಸಿಯನ್ನು ಹಿಂದಕ್ಕೆ ಎಳೆಯಬಹುದು ಎಂದು ನಾನು ಒಂದು ಕ್ಷಣ ಹೆದರಿದೆ. ಎಳೆಯಲಿಲ್ಲ. ಈಗ ಅನ್ನಿಸುತ್ತದೆ, ನೀನು ಎಳೆದಿದ್ದರೆ ಅವಳು ನಮ್ಮಿಬ್ಬರನ್ನೂ ಕ್ಷಮಿಸುತ್ತಿದ್ದಳೋ ಏನೋ.

ಕಳೆದ ವಾರ ಜ್ವರ ಬಂತು. ಇಷ್ಟು ವರ್ಷ ಇಲ್ಲದ್ದು, ಮಧ್ಯಾಹ್ನ ಫಿಟ್ಸ್ ಬಂತು. ಆಸ್ಪತ್ರೆಗೆ ಹೋಗಿ ಬಂದೆವು, ಹೆದರುವಂಥದ್ದು ಏನೂ ಇಲ್ಲ, ಔಷಧಿ ಕೊಟ್ಟಿದ್ದಾರೆ. ಮರುದಿನ ನಾನು ಅಡುಗೆಮನೆಯಲ್ಲಿದ್ದೆ. ಒಳಗಿನಿಂದ "ಅಬ್ಬೀ" ಎಂದು ಕರೆದಳು. ಇಷ್ಟು ತಿಂಗಳಲ್ಲಿ ಈ ಮನೆಯಲ್ಲಿ ಯಾರನ್ನೂ ಅವಳು ಹಾಗೆ ಬಾಯ್ತುಂಬ ಕರೆದಿರಲಿಲ್ಲ. ಸೌಟು ಬಿಸಾಡಿ ಓಡಿದೆ, "ಏನಮ್ಮ, ಬಂದೆ" ಎಂದು ಹಣೆ ಮುಟ್ಟಿದೆ. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿ, "ನೀವಲ್ಲ" ಅಂದಳು. ಸಿಟ್ಟಿನಿಂದ ಅಲ್ಲ. ದಾರಿ ತಪ್ಪಿ ಬಂದವರಿಗೆ ಈ ಮನೆಯಲ್ಲ ಎಂದು ಹೇಳುತ್ತಾರಲ್ಲ, ಹಾಗೆ. ಆಮೇಲೆ ಗೋಡೆಗೆ ತಿರುಗಿ ಮಲಗಿದಳು.

ನನಗೆ ಸಾಕಾಯಿತು ಎಂದು ತಿಳಿಯಬೇಡ. ಅವಳು ನನ್ನ ಕಣ್ಣೆದುರು ಸೊರಗುತ್ತಿದ್ದಾಳೆ, ಅದನ್ನು ನೋಡಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಪ್ರೇಮಾನಂದರ ಮನೆಯವರು ಊರಿಗೆ ಬರುತ್ತಿದ್ದಾರೆ. ಅವರ ಜೊತೆ ಕಳಿಸಲಾ? ಇವರು ಒಪ್ಪಿದ್ದಾರೆ. ಶಾಸ್ತ್ರ ಏನೇ ಇರಲಿ, ನೀನು ಕಳಿಸು ಅಂದರೆ ಕಳಿಸುತ್ತೇನೆ, ಬೇಡ ಅಂದರೆ ಇಲ್ಲ. ನೀನು ಹೇಳಿದ ಹಾಗೆ.

ಶ್ರೀಲತಾ


ಗಂಗೊಳ್ಳಿ
೬ ನವೆಂಬರ್ ೨೦೦೭

ಲತಾ,

ಕಳಿಸು ಎಂದು ಬರೆಯಲೇ ಕೂತದ್ದು ನಾನು. ಅವಳ ಹಾಸಿಗೆಯನ್ನು ಬಿಸಿಲಿಗೆ ಹಾಕಿಯೂ ಆಯಿತು. ನನಗೆ ಅವಳು ಬೇಕು ಲತಾ. ಈ ಮಾತನ್ನು ಇಷ್ಟು ವರ್ಷ ನಿನಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಅವಳಿಗಾದರೂ ಒಂದು ಸಲ ಹೇಳಬೇಕಿತ್ತು.

ಆದರೆ ಕಳಿಸಬೇಡ. ಒಂದು ಸಲ ನಾನು ಕೊಂಡೆ, ಒಂದು ಸಲ ನೀನು ಕೊಂಡೆ. ಮೂರನೇ ಸಲ ಕೈ ಬದಲಾದರೆ ಅವಳು ತನ್ನನ್ನು ಸಾಮಾನು ಎಂದೇ ತಿಳಿಯುತ್ತಾಳೆ. ಅವಳು ಕೇಳಿದ್ದು ಒಂದೇ, ಯಾರಾದರೂ ಹಿಡಿದುಕೊಂಡಿರಾ ಎಂದು. ನೀನು ಹಿಡಿದುಕೋ. ಅವಳು ಕೊಸರಿದರೂ ಹಿಡಿದುಕೋ. ಡಿಸೆಂಬರಿನಲ್ಲಿ ಅವಳೆದುರೇ ಪ್ರೇಮಾನಂದರಿಗೆ ಹೇಳು, ನನ್ನ ಮಗಳನ್ನು ನಾನು ಎಲ್ಲಿಗೂ ಕಳಿಸುವುದಿಲ್ಲ ಎಂದು. ಗಟ್ಟಿಯಾಗಿ ಹೇಳು, ಅವಳಿಗೆ ಕೇಳಬೇಕು.

ಇನ್ನು ಸ್ವಲ್ಪ ಕಾಲ ನಾನು ಬರೆಯುವುದಿಲ್ಲ. ನೀನೂ ನನ್ನ ಕಾಗದದ ಸುದ್ದಿ ಎತ್ತಬೇಡ, ಕಾಗದ ಬಂದರೆ ಅವಳು ನನಗಾಗಿ ಕಾಯುತ್ತಾಳೆ. ನನ್ನ ಬಗ್ಗೆ ಹೆದರಿಕೆ ಬೇಡ. ಬುಟ್ಟಿ ಇದೆ, ವಂಡ್ಸೆಯ ಬಸ್ಸಿದೆ, ಚೌಕಾಸಿ ಮಾಡುವವರೂ ಇದ್ದಾರೆ.

ಜ್ವರ ಬಂದರೆ ಮಗ್ಗುಲಾಗಿ ಮಲಗಿಸು, ಕಾಲಿಗೆ ಹೊದಿಕೆ ಬೇಡ, ಅವಳಿಗೆ ಆಗುವುದಿಲ್ಲ. ಗಂಜಿಗೆ ಉಪ್ಪು ಕಡಿಮೆ ಹಾಕು. ಅಬ್ಬಿ ಎಂದು ಕರೆದರೆ ಯಾರನ್ನು ಕರೆದಳು ಎಂದು ಯೋಚಿಸುತ್ತಾ ನಿಲ್ಲಬೇಡ, ಆ ಮನೆಯಲ್ಲಿ ಇರುವವಳು ನೀನು. ಓಡಿಹೋಗು. "ನೀವಲ್ಲ" ಅಂದರೂ ಎದ್ದು ಬರಬೇಡ, ಅಲ್ಲೇ ಕೂತಿರು. ಮತ್ತೆ "ಏನಮ್ಮ, ಬಂದೆ" ಎಂದೆಲ್ಲ ಅನ್ನಬೇಡ, ಅದು ಅವಳಿಗೆ ಗೊತ್ತಿಲ್ಲದ ಮಾತು. "ಎಂತ ಮಗಾ, ನಾ ಇಲ್ಲೇ ಇದ್ದೆ" ಅನ್ನು. ನಾನು ಹಾಗೇ ಅನ್ನುತ್ತಿದ್ದೆ.

ಬಾಗಿ